ಮಂಜರಾಬಾದಿನ ತೋಟಗಾರ ರಾಬರ್ಟ್ ಎಲಿಯಟ್

ಬೆಂಗಳೂರಿನಲ್ಲಿ ಕಾಫಿ ಕುಡಿಯದವರು ವಿರಳ. ನಮ್ಮ ಚಿಕ್ಕಲಸಂದ್ರದಿಂದ ಬನಶಂಕರಿ, ಜಯನಗರದವರೆಗೆ ಯಾವ ಹೋಟೆಲಿಗೆ ಹೋದರೂ ಬೆಳಗಿನ ಹೊತ್ತು ಫಿಲ್ಟರ್ ಕಾಫಿಗಾಗಿ ನಿಂತಿರುವ ಜನರನ್ನು ಕಾಣುತ್ತೇವೆ. ಈ ಕಾಫಿ ಹಾಸನ, ಚಿಕ್ಕಮಗಳೂರು, ಕೊಡಗಿನ ತೋಟಗಳಿಂದ ಬರುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಬಾಬಾಬುಡನ್ ಅವರ ಹೆಸರನ್ನೂ ಬಹಳ ಮಂದಿ ಕೇಳಿದ್ದಾರೆ. ಆದರೆ ದೊಡ್ಡ ದೊಡ್ಡ ಮರಗಳ ನೆರಳಿನಲ್ಲಿ ಕಾಫಿ ಬೆಳೆಯುವ ನಮ್ಮ ಮಲೆನಾಡಿನ ಪದ್ಧತಿ ಒಂದು ಕಾಲದಲ್ಲಿ ಅಳಿದುಹೋಗುವ ಸ್ಥಿತಿಗೆ ಬಂದಿತ್ತು, ಆಗ ಅದರ ಪರವಾಗಿ ಗಟ್ಟಿಯಾಗಿ ವಾದಿಸಿದವರಲ್ಲಿ ಸ್ಕಾಟ್ಲೆಂಡಿನ ಒಬ್ಬ ಜಮೀನ್ದಾರರೂ ಇದ್ದರು ಎಂಬುದು ಹೆಚ್ಚಿನವರಿಗೆ ತಿಳಿಯದು. ಅವರೇ ರಾಬರ್ಟ್ ಹೆನ್ರಿ ಎಲಿಯಟ್.

ಎಲಿಯಟ್‌ರವರು ಬೇಟೆಗಾರರು, ತೋಟಗಾರರು, ಲೇಖಕರು, ತಮ್ಮ ಊರಿನಲ್ಲಿ ದೊಡ್ಡ ಜಮೀನಿನ ಒಡೆಯರು. ಮೈಸೂರು ಸಂಸ್ಥಾನದಲ್ಲಿ ಮೂವತ್ತೆಂಟು ವರ್ಷಗಳ ಅನುಭವ ಪಡೆದವರು. ಕೊನೆಗಾಲದಲ್ಲಿ ಇವರು ಬೇಸಾಯದ ಬಗ್ಗೆ ಬರೆದ ಪುಸ್ತಕವನ್ನು ಇಂದು ಸಾವಯವ ಕೃಷಿಯ ಇತಿಹಾಸ ಓದುವವರೆಲ್ಲ ನೆನೆಯುತ್ತಾರೆ. ಇವರ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಬೇರೆ ದೇಶದಿಂದ ಬಂದ ಒಬ್ಬ ತರುಣ ಇಲ್ಲಿನ ಮಣ್ಣಿನಿಂದ ಹೇಗೆ ಪಾಠ ಕಲಿತ, ಆ ಪಾಠವನ್ನು ತನ್ನ ನಾಡಿನ ಬೇಸಾಯದಲ್ಲಿಯೂ ಹೇಗೆ ಬಳಸಿದ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದುಕೊಳ್ಳುವುದು ಒಳ್ಳೆಯದು.

ಬಾಲ್ಯದ ಕಾಲ ಮತ್ತು ಭಾರತದ ಪಯಣ

ಎಲಿಯಟ್‌ರವರು ಹುಟ್ಟಿದ್ದು 1837ರಲ್ಲಿ. ಅದೇ ವರ್ಷ ವಿಕ್ಟೋರಿಯಾ ರಾಣಿ ಬ್ರಿಟನ್ನಿನ ಸಿಂಹಾಸನವನ್ನೇರಿದರು. ಹೀಗಾಗಿ ಇವರ ಬದುಕಿನ ಬಹುಭಾಗ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದಲ್ಲಿಯೇ ಕಳೆಯಿತು. ಇವರ ಜಮೀನು ಇದ್ದದ್ದು ಸ್ಕಾಟ್ಲೆಂಡಿನ ದಕ್ಷಿಣ ಗಡಿಯಲ್ಲಿ, ರಾಕ್ಸ್‌ಬರೋ ಸೀಮೆಯಲ್ಲಿ, ಕೆಲ್ಸೋ ಎಂಬ ಪಟ್ಟಣದ ಸಮೀಪ. ಅಲ್ಲಿಂದ ಮುಂದೆ ಚೆವಿಯಟ್ ಬೆಟ್ಟಗಳು ಶುರುವಾಗುತ್ತವೆ. ಕುರಿ ಸಾಕಣೆಗೆ ಹೆಸರಾದ ಗುಡ್ಡಗಾಡು ಪ್ರದೇಶವದು.

ಆ ಕಾಲದಲ್ಲಿ ಬ್ರಿಟನ್ನಿನ ಜಮೀನ್ದಾರರ ಮಕ್ಕಳಿಗೆ ಕೆಲವೇ ದಾರಿಗಳು ತೆರೆದಿದ್ದವು. ಕೆಲವರು ಸೈನ್ಯಕ್ಕೆ ಸೇರುತ್ತಿದ್ದರು, ಕೆಲವರು ಚರ್ಚಿನ ಸೇವೆಗೆ ಹೋಗುತ್ತಿದ್ದರು, ಇನ್ನು ಕೆಲವರು ಕಾನೂನು ಓದಿ ವಕೀಲರಾಗುತ್ತಿದ್ದರು. ಯಾವ ದಾರಿ ಹಿಡಿದರೂ ಕುದುರೆ ಸವಾರಿ, ಬೇಟೆ, ಮೀನು ಹಿಡಿಯುವುದು ಮುಂತಾದ ಆಟೋಟಗಳನ್ನು ಬಲ್ಲವನೇ ಸಭ್ಯ ಗೃಹಸ್ಥ ಎಂಬ ಭಾವನೆ ಅಲ್ಲಿತ್ತು. ಎಲಿಯಟ್‌ರವರು ಇವೆಲ್ಲವನ್ನೂ ಬಿಟ್ಟು ಕಾಫಿ ತೋಟಗಾರರಾಗಲು ನಿರ್ಧರಿಸಿದರು. 1855ರಲ್ಲಿ ಭಾರತಕ್ಕೆ ಹೊರಟಾಗ ಇವರ ವಯಸ್ಸು ಹದಿನೆಂಟರ ಆಸುಪಾಸು. ಇಂದಿನ ಲೆಕ್ಕದಲ್ಲಿ ಪಿಯುಸಿ ಮುಗಿಸಿದ ಹುಡುಗನ ವಯಸ್ಸು.

ಆಗಿನ್ನೂ ಸೂಯೆಜ್ ಕಾಲುವೆ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಇಂಗ್ಲೆಂಡಿನಿಂದ ಬೇಗ ಬರಬೇಕಾದವರು ಈಜಿಪ್ಟಿನವರೆಗೆ ಹಡಗಿನಲ್ಲಿ ಬಂದು, ಅಲ್ಲಿ ನೆಲದ ಮೇಲೆ ಮರುಭೂಮಿಯನ್ನು ದಾಟಿ, ಸೂಯೆಜಿನಲ್ಲಿ ಮತ್ತೆ ಹಡಗು ಹತ್ತಬೇಕಾಗಿತ್ತು. ಇಲ್ಲಿಗೆ ಬಂದ ಮೇಲೂ ಕಷ್ಟ ತಪ್ಪುತ್ತಿರಲಿಲ್ಲ. ಮಲೆನಾಡಿಗೆ ರೈಲು ಬಂದಿರಲಿಲ್ಲ, ಒಳ್ಳೆಯ ರಸ್ತೆಗಳು ಬಹಳ ಕಡಿಮೆ. ಸಕಲೇಶಪುರದ ಮೂಲಕ ಹಾಸನ ಮಂಗಳೂರು ರೈಲು ಓಡಿದ್ದು 1979ರಲ್ಲಿ ಎಂಬುದನ್ನು ನೆನೆದರೆ, ನೂರ ಇಪ್ಪತ್ತು ವರ್ಷಗಳಿಗೂ ಹಿಂದೆ ಆ ಘಟ್ಟದ ಸ್ಥಿತಿ ಹೇಗಿದ್ದಿರಬಹುದು ಎಂದು ಊಹಿಸಬಹುದು.

ಬಾಬಾಬುಡನ್ ಗಿರಿಯಿಂದ ಮಂಜರಾಬಾದಿಗೆ

ಎಲಿಯಟ್‌ರವರು ಬರುವ ಹೊತ್ತಿಗೆ ನಮ್ಮ ನಾಡಿಗೆ ಕಾಫಿ ಹೊಸದಾಗಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾಬುಡನ್ ಅವರು ಹಜ್ ಯಾತ್ರೆಯಿಂದ ಮರಳುವಾಗ ಯಮನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು, ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಎಂಬುದು ಪರಂಪರೆಯಿಂದ ಬಂದ ನಂಬಿಕೆ. ಆ ಬೆಟ್ಟಕ್ಕೆ ಇಂದಿಗೂ ಅವರದೇ ಹೆಸರಿದೆ. ಹಿಂದೂಗಳೂ ಮುಸ್ಲಿಮರೂ ಭಕ್ತಿಯಿಂದ ನಡೆದುಕೊಳ್ಳುವ ಸ್ಥಳವದು. ಅಲ್ಲಿಂದ ಕಾಫಿ ನಿಧಾನವಾಗಿ ಸುತ್ತಲಿನ ಊರುಗಳಿಗೆ ಹರಡಿತು. ರೈತರು ಮನೆಯ ಹಿತ್ತಿಲಿನಲ್ಲಿ, ಕಾಡಿನ ಅಂಚಿನಲ್ಲಿ, ಇದ್ದ ಮರಗಳ ಕೆಳಗೆ ಕೆಲವು ಗಿಡಗಳನ್ನು ಹಾಕಿಕೊಳ್ಳುತ್ತಿದ್ದರು. ಚಿಕ್ಕಮಗಳೂರಿನ ಹೆಸರಿನಿಂದಲೇ ಈ ಹಳೆಯ ತಳಿಗೆ 'ಚಿಕ್' ಎಂಬ ಹೆಸರು ಬಂತು.

ಯುರೋಪಿಯನ್ನರು ಇಲ್ಲಿ ವ್ಯಾಪಾರಕ್ಕಾಗಿ ದೊಡ್ಡ ತೋಟಗಳನ್ನು ಮಾಡಲು ಶುರುಮಾಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕ್ಯಾನನ್ ಎಂಬುವರು ಚಿಕ್ಕಮಗಳೂರಿನ ಕಡೆ ಮೊದಲಿಗರಾದರೆ, ಗ್ರೀನ್ ಎಂಬುವರು 1843ರಲ್ಲಿ ಮಂಜರಾಬಾದಿನಲ್ಲಿ ತೋಟ ಮಾಡಿದರು. ಮಂಜರಾಬಾದ್ ಎಂದರೆ ಇಂದಿನ ಸಕಲೇಶಪುರದ ಸೀಮೆ. ಟಿಪ್ಪು ಸುಲ್ತಾನರು ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಇರುವುದು ಇಲ್ಲಿಯೇ. ಘಟ್ಟದ ದಾರಿಯನ್ನು ಕಾಯಲು ಕಟ್ಟಿದ ಆ ಕೋಟೆಯನ್ನು ಶಾಲಾ ಪ್ರವಾಸಕ್ಕೆ ಹೋದ ನಮ್ಮ ಮಕ್ಕಳು ನೋಡಿರಬಹುದು. ಹೇಮಾವತಿ ಹೊಳೆ, ಕಾಡು, ಗುಡ್ಡ, ಗದ್ದೆಗಳ ಆ ನಾಡಿನಲ್ಲಿ 1856ರಲ್ಲಿ ತರುಣ ಎಲಿಯಟ್ ತಮ್ಮ ತೋಟದ ಕೆಲಸವನ್ನು ಆರಂಭಿಸಿದರು. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿತ್ತು. ಮರುವರ್ಷವೇ ಉತ್ತರ ಭಾರತದಲ್ಲಿ 1857ರ ಹೋರಾಟ ನಡೆಯಿತು.

ತೋಟ ಮಾಡುವುದೆಂದರೆ ಸುಲಭದ ಮಾತಾಗಿರಲಿಲ್ಲ. ಕಾಡಿನ ಕೆಳಪೊದೆಯನ್ನು ಸವರಿ, ಗುಂಡಿ ತೆಗೆದು, ಸಸಿಮಡಿಯಲ್ಲಿ ಬೆಳೆಸಿದ ಸಸಿಗಳನ್ನು ಮುಂಗಾರಿನಲ್ಲಿ ನೆಡಬೇಕು. ಮೂರು ನಾಲ್ಕು ವರ್ಷ ಕಾಯದೆ ಫಸಲಿನ ಮುಖ ನೋಡುವಂತಿಲ್ಲ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಹೂಮಳೆ ಸರಿಯಾಗಿ ಬಾರದಿದ್ದರೆ ಆ ವರ್ಷದ ಫಸಲು ಹೋದಂತೆಯೇ. ಜೊತೆಗೆ ಮಲೇರಿಯಾ ಜ್ವರದ ಭಯ. ಹತ್ತಿರದಲ್ಲಿ ವೈದ್ಯರಿಲ್ಲ, ತನ್ನ ಭಾಷೆಯವರಿಲ್ಲ. ಇಂಥ ಕಡೆ ಸ್ಥಳೀಯ ಗೌಡರ ಸ್ನೇಹ, ಕೆಲಸಗಾರರ ವಿಶ್ವಾಸ ಇಲ್ಲದೆ ಯಾರೂ ಬದುಕುವಂತಿರಲಿಲ್ಲ. ಎಲಿಯಟ್‌ರವರು ಆ ಜನರ ನಡುವೆ ಇದ್ದು, ಅವರ ಬೇಸಾಯ, ಆಚಾರ ವಿಚಾರ, ಧೈರ್ಯ ಇವುಗಳನ್ನು ಗಮನವಿಟ್ಟು ನೋಡಿದರು. ನೋಡಿದ್ದನ್ನು ಬರೆದಿಟ್ಟರು.

ಬೇಟೆಯ ಹವ್ಯಾಸ

ಅಂದಿನ ಯುರೋಪಿಯನ್ ತೋಟಗಾರರಿಗೆ ಬೇಟೆಯೇ ಮುಖ್ಯ ಮನರಂಜನೆ. ಎಲಿಯಟ್‌ರವರೂ ಇದಕ್ಕೆ ಹೊರತಾಗಿರಲಿಲ್ಲ. ಹುಲಿ, ಚಿರತೆ, ಕರಡಿ, ಕಾಟಿ ಇವುಗಳ ಬೇಟೆಯ ಬಗ್ಗೆ ಇವರು ಪುಟಗಟ್ಟಲೆ ಬರೆದಿದ್ದಾರೆ. ಕಾಡುನಾಯಿಗಳ ಸ್ವಭಾವ, ಹಾವುಗಳ ವಿಚಾರವೂ ಇವರ ಬರಹದಲ್ಲಿದೆ. ಮಲೆನಾಡಿನ ದಟ್ಟ ಕಾಡಿನ ಬೇಟೆಯಲ್ಲಿ ಊರಿನ ಜನರ ನೆರವೇ ದೊಡ್ಡದು. ಕಾಡಿನ ಒಂದು ಕಡೆಯಿಂದ ಗದ್ದಲವೆಬ್ಬಿಸಿ ಪ್ರಾಣಿಯನ್ನು ಹೊರಡಿಸುವವರು ಅವರೇ, ಹೆಜ್ಜೆ ಗುರುತು ಹಿಡಿದು ದಾರಿ ತೋರಿಸುವವರೂ ಅವರೇ. ಬಂದೂಕು ಹಿಡಿದ ಸಾಹೇಬರ ಹೆಸರು ಪುಸ್ತಕದಲ್ಲಿ ಉಳಿಯಿತು, ಬರಿಗೈಯಲ್ಲಿ ಪೊದೆಗೆ ನುಗ್ಗಿದವರ ಹೆಸರು ಹೆಚ್ಚಾಗಿ ಉಳಿಯಲಿಲ್ಲ.

ಇಂದು ನಾವು ಈ ಬೇಟೆಯನ್ನು ಹೊಗಳುವಂತಿಲ್ಲ. ಅಂದು ಸಾವಿರಾರು ಬಂದೂಕುಗಳು ಮಾಡಿದ ಹಾನಿಯ ಫಲವಾಗಿ ಹುಲಿಯ ಸಂತತಿಯೇ ಅಳಿಯುವ ಸ್ಥಿತಿಗೆ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, 1973ರಲ್ಲಿ ಹುಲಿ ಯೋಜನೆ ಆರಂಭವಾದ ಮೇಲೆಯೇ ಅದಕ್ಕೆ ರಕ್ಷಣೆ ಸಿಕ್ಕಿತು. ಆದರೆ ಬೇಟೆಯಿಂದ ಎಲಿಯಟ್‌ರವರಿಗೆ ಒಂದು ಅಭ್ಯಾಸವಂತೂ ಬೆಳೆಯಿತು. ಗಂಟೆಗಟ್ಟಲೆ ಸುಮ್ಮನೆ ಕುಳಿತು ಕಾಡನ್ನು ನೋಡುವುದು, ಯಾವ ಪ್ರಾಣಿ ಯಾವ ಹೊತ್ತಿನಲ್ಲಿ ಎಲ್ಲಿ ಓಡಾಡುತ್ತದೆ ಎಂದು ತಿಳಿಯುವುದು ಬೇಟೆಗಾರನಿಗೆ ಅನಿವಾರ್ಯ. ಇದೇ ತಾಳ್ಮೆ ಮುಂದೆ ಗಿಡ, ಹುಳು, ಮಣ್ಣನ್ನು ನೋಡುವುದರಲ್ಲಿಯೂ ಅವರಿಗೆ ಉಪಯೋಗಕ್ಕೆ ಬಂತು.

ಕೊರಕ ಹುಳು ಕಲಿಸಿದ ಪಾಠ

1860ರ ದಶಕದಲ್ಲಿ ಕಾಫಿ ಬೆಳೆಯುವವರ ಮೇಲೆ ದೊಡ್ಡ ವಿಪತ್ತು ಬಂದೆರಗಿತು. ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಕಾಡನ್ನು ಪೂರ್ತಿ ಕಡಿದು ಸುಟ್ಟು, ಬಯಲಿನಲ್ಲಿ ಕಾಫಿ ಬೆಳೆಯುವ ಪದ್ಧತಿ ಇತ್ತು. ಬಿಸಿಲು ಚೆನ್ನಾಗಿ ಬಿದ್ದರೆ ಗಿಡ ಹೆಚ್ಚು ಕಾಯಿ ಬಿಡುತ್ತದೆ ಎಂಬುದು ಅಲ್ಲಿನ ಲೆಕ್ಕ. ಅದನ್ನು ನೋಡಿ ಮೈಸೂರು, ಕೊಡಗಿನ ಹಲವು ತೋಟಗಾರರೂ ಮರಗಳನ್ನು ಉರುಳಿಸಿದರು. ಮೊದಲ ಕೆಲವು ವರ್ಷ ಫಸಲೂ ಚೆನ್ನಾಗಿಯೇ ಬಂತು. ಆಮೇಲೆ ಬಂದದ್ದು ಕಾಂಡಕೊರಕ ಹುಳು. 1860ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನಲ್ಲಿಯೂ ಕೊಡಗಿನಲ್ಲಿಯೂ ತೋಟ ತೋಟಗಳೇ ಒಣಗಿದವು.

ಈ ಹುಳು ಕೆಲಸ ಮಾಡುವ ರೀತಿಯನ್ನು ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕು. ಇದರ ದುಂಬಿ ಗಿಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಬಂದ ಮರಿಹುಳು ಕಾಂಡದೊಳಕ್ಕೆ ಕೊರೆದುಕೊಂಡು ಹೋಗಿ ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಹೊರಗಿನಿಂದ ನೋಡಿದರೆ ಗಿಡ ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ. ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಕಾಲ ಮೀರಿರುತ್ತದೆ. ಆ ದುಂಬಿಗೆ ಬೆಚ್ಚಗಿನ ಬಿಸಿಲು ಬೀಳುವ ಕಾಂಡವೆಂದರೆ ಇಷ್ಟ. ದಟ್ಟ ನೆರಳಿನ ತಂಪಿನಲ್ಲಿ ಅದು ಅಷ್ಟಾಗಿ ಮೊಟ್ಟೆಯಿಡುವುದಿಲ್ಲ. ಮದರಾಸು ಸರ್ಕಾರ ಈ ಪಿಡುಗಿನ ತನಿಖೆಗಾಗಿ ಡಾ. ಜಾರ್ಜ್ ಬಿಡಿ ಎಂಬ ತಜ್ಞರನ್ನು ನೇಮಿಸಿತು. 1869ರಲ್ಲಿ ಪ್ರಕಟವಾದ ಅವರ ವರದಿಯೂ ನೆರಳಿನ ಮರಗಳ ಅಗತ್ಯವನ್ನು ಎತ್ತಿ ಹೇಳಿತು.

ಇದೇ ಕಾಲದಲ್ಲಿ ಹಳೆಯ ಚಿಕ್ ತಳಿಯೂ ಸೊರಗಿತು. ಮೈಸೂರಿನಲ್ಲಿ ಕಾಫಿಯ ಕಾಲ ಮುಗಿಯಿತೆಂದು ಎಷ್ಟೋ ಮಂದಿ ಕೈಚೆಲ್ಲಿದರು. ಆಗ ಸ್ಟ್ಯಾನ್ಲಿ ಜಪ್ ಎಂಬ ತೋಟಗಾರರು 1869-70ರ ಚಳಿಗಾಲದಲ್ಲಿ ಕೊಡಗಿಗೆ ಹೋಗಿ, ಅಲ್ಲಿನ ಬೀಜದಿಂದ ಬೆಳೆದ ಸಸಿಗಳು ಹುಲುಸಾಗಿರುವುದನ್ನು ಕಂಡು ಬಂದು ನೆರೆಯವರಿಗೆ ತಿಳಿಸಿದರು. ಕೊಡಗಿನ ಬೀಜ ತಂದು ನೆಟ್ಟ ಮೇಲೆ ಮೈಸೂರಿನ ತೋಟಗಳು ಮತ್ತೆ ಚೇತರಿಸಿಕೊಂಡವು. ಎಲಿಯಟ್‌ರವರು ಈ ಎಲ್ಲ ಏರಿಳಿತಗಳನ್ನು ಕಣ್ಣಾರೆ ಕಂಡವರು.

ಬೀಜ ಬದಲಾಯಿಸಿದರಷ್ಟೇ ಸಾಲದು, ನೆರಳು ಬೇಕು ಎಂಬುದು ಎಲಿಯಟ್‌ರವರ ದೃಢ ಅಭಿಪ್ರಾಯವಾಯಿತು. ಯಾವುದೋ ಮರ ಇದ್ದರೆ ಸಾಕು ಎಂದು ಅವರು ಹೇಳಲಿಲ್ಲ. ಗೋಣಿ, ಬಸರಿ, ಹಲಸು ಮುಂತಾದ ಇಲ್ಲಿನ ಮರಗಳನ್ನು ಒಂದೊಂದಾಗಿ ಹೆಸರಿಸಿ, ಕಾಫಿಗೆ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ವಿವರವಾಗಿ ಬರೆದರು. ಈ ಮರಗಳ ಜ್ಞಾನವೆಲ್ಲ ಮೂಲದಲ್ಲಿ ಮಲೆನಾಡಿನ ರೈತರದ್ದು. ಮರದ ಕೆಳಗೆ ಕಾಫಿ ಬೆಳೆಯುವುದು ಅವರ ಹಿರಿಯರ ಕಾಲದಿಂದ ಬಂದ ರೂಢಿ. ದೊಡ್ಡ ಬಂಡವಾಳದ ತೋಟಗಳು ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಿ ಸಿಲೋನಿನ ದಾರಿ ಹಿಡಿದವು, ನಷ್ಟವಾದ ಮೇಲೆ ಮತ್ತೆ ಅದೇ ರೂಢಿಗೆ ಮರಳಿದವು.

ಮರದಿಂದ ಉದುರುವ ಎಲೆ ಕೊಳೆತು ಮಣ್ಣಿಗೆ ಸೇರುತ್ತದೆ. ಬೇರು ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಲೆನಾಡಿನ ಜೋರು ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುವುದು ತಪ್ಪುತ್ತದೆ. ಕೊಟ್ಟಿಗೆ ಗೊಬ್ಬರ ಮತ್ತು ಕಾಡಿನ ಮೇಲ್ಮಣ್ಣನ್ನು ಗಿಡದ ಬುಡಕ್ಕೆ ಹಾಕುವುದರ ಮಹತ್ವವನ್ನೂ ಎಲಿಯಟ್ ಒತ್ತಿ ಹೇಳಿದರು. ಗಿಡಕ್ಕೆ ಆಹಾರ ಕೊಡುವುದಕ್ಕಿಂತ ಮೊದಲು ಮಣ್ಣನ್ನು ಒಳ್ಳೆಯ ಸ್ಥಿತಿಯಲ್ಲಿಡಬೇಕು ಎಂಬುದು ಈ ಎಲ್ಲದರ ಸಾರ.

ಅತ್ತ ಸಿಲೋನಿನಲ್ಲಿ 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಕಾಫಿ ಉದ್ಯಮವೇ ಕುಸಿದುಬಿದ್ದು, ಆ ಜಾಗಕ್ಕೆ ಚಹಾ ಬಂತು. ಅದೇ ರೋಗ ನಮ್ಮ ನಾಡಿಗೂ ಬಂತು, ಬಹಳ ನಷ್ಟವನ್ನೂ ಮಾಡಿತು. ಆದರೂ ಇಲ್ಲಿ ಕಾಫಿ ಉಳಿಯಿತು.

ಬರಹ ಮತ್ತು ಸಾರ್ವಜನಿಕ ಜೀವನ

1871ರಲ್ಲಿ ಎಲಿಯಟ್‌ರವರು ಮೈಸೂರಿನ ಕಾಡುಗಳಲ್ಲಿ ತೋಟಗಾರನಾಗಿ ಪಡೆದ ಅನುಭವಗಳನ್ನು ಎರಡು ಸಂಪುಟಗಳಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1894ರಲ್ಲಿ 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್' ಎಂಬ ಇನ್ನೊಂದು ದೊಡ್ಡ ಪುಸ್ತಕ ಹೊರಬಂತು. ಹೆಸರೇ ಹೇಳುವಂತೆ ಅದರಲ್ಲಿ ಕೋಲಾರದ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ಕೊಡಗಿನ ತೋಟಗಳು, ಮೈಸೂರು ಪ್ರಜಾಪ್ರತಿನಿಧಿ ಸಭೆ, ಕಾಂಗ್ರೆಸ್, ಜಾತಿ ಪದ್ಧತಿ, ಬೆಳ್ಳಿ ನಾಣ್ಯದ ಬೆಲೆ ಕುಸಿದದ್ದು ಇವುಗಳ ಬಗ್ಗೆಯೂ ಅಧ್ಯಾಯಗಳಿವೆ. ಹತ್ತೊಂಬತ್ತನೆಯ ಶತಮಾನದ ಮಲೆನಾಡನ್ನು ಅಧ್ಯಯನ ಮಾಡುವವರಿಗೆ ಇದು ಉಪಯುಕ್ತ ಆಕರ.

1881ರಲ್ಲಿ ಮೈಸೂರು ರಾಜ್ಯವನ್ನು ಬ್ರಿಟಿಷರು ಒಡೆಯರ ವಂಶಕ್ಕೆ ಮರಳಿಸಿದರು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಯಿತು. ದಸರಾ ಸಮಯದಲ್ಲಿ ಮೈಸೂರಿನಲ್ಲಿ ಸೇರುತ್ತಿದ್ದ ಈ ಸಭೆಯಲ್ಲಿ ರೈತರು, ವರ್ತಕರು, ತೋಟಗಾರರು ತಮ್ಮ ಕಷ್ಟಗಳನ್ನು ದಿವಾನರ ಮುಂದೆ ಇಡಬಹುದಾಗಿತ್ತು. ಕಾನೂನು ಮಾಡುವ ಅಧಿಕಾರ ಅದಕ್ಕೆ ಆಗ ಇರಲಿಲ್ಲ. ಆದರೂ ಭಾರತದ ಸಂಸ್ಥಾನಗಳಲ್ಲಿ ಇದು ಹೊಸ ಹೆಜ್ಜೆ. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಎಲಿಯಟ್‌ರವರು ತೋಟಗಾರರ ಪರವಾಗಿ ಈ ಸಭೆಯಲ್ಲಿ ಭಾಗವಹಿಸಿದ್ದರು. ಆಡಳಿತ ನಡೆಸುವವರು ಜನರ ಮಾತನ್ನು ನೇರವಾಗಿ ಕೇಳುವ ಈ ಏರ್ಪಾಡನ್ನು ಅವರು ಮೆಚ್ಚಿ ಬರೆದರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕಾಗುತ್ತದೆ. ಎಲಿಯಟ್‌ರವರು ತಮ್ಮ ವರ್ಗದ, ತಮ್ಮ ಕಾಲದ ಮನುಷ್ಯರೇ ಆಗಿದ್ದರು. ಭಾರತೀಯರು ಸ್ವಂತವಾಗಿ ಕಟ್ಟಿಕೊಂಡ ಕಾಂಗ್ರೆಸ್ಸನ್ನು ಅವರು ಒಪ್ಪಲಿಲ್ಲ. ಜಾತಿ ಪದ್ಧತಿಯಿಂದ ಸಮಾಜಕ್ಕೆ ಒಳ್ಳೆಯದೂ ಆಗಿದೆ ಎಂದು ವಾದಿಸಿದರು. ಮನುಷ್ಯರೆಲ್ಲ ಸಮಾನರೆಂದು ನಂಬುವ ನಾವು ಈ ವಾದವನ್ನು ಒಪ್ಪಲಾರೆವು. ತೋಟದ ಕೆಲಸಗಾರರ ಸ್ಥಿತಿಯೂ ಆಗ ಕಷ್ಟಕರವಾಗಿತ್ತು. ಮೇಸ್ತ್ರಿಗಳ ಮೂಲಕ ಮುಂಗಡ ಹಣ ಕೊಟ್ಟು ಆಳುಗಳನ್ನು ತರುವ ಪದ್ಧತಿ ಇತ್ತು. ಮುಂಗಡ ಪಡೆದು ಕೆಲಸ ಬಿಟ್ಟುಹೋದವರನ್ನು ಜೈಲಿಗೂ ಕಳುಹಿಸಲು ಅವಕಾಶ ಕೊಡುವ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ 1859ರಲ್ಲಿ ಬಂತು, ದಕ್ಷಿಣ ಭಾರತದ ತೋಟದ ಮಾಲೀಕರು ಅದನ್ನು ಬಳಸಿಕೊಂಡರು. ಅದು ರದ್ದಾಗಲು 1925ರವರೆಗೆ ಕಾಯಬೇಕಾಯಿತು. ಕಾಫಿಯ ಇತಿಹಾಸವನ್ನು ಓದುವಾಗ ಮಾಲೀಕರ ಬರಹದ ಜೊತೆಗೆ ಹೆಸರಿಲ್ಲದ ಈ ಕೆಲಸಗಾರರ ಬೆವರನ್ನೂ ನೆನೆಯಬೇಕು. ಒಬ್ಬ ವ್ಯಕ್ತಿಯ ಒಳ್ಳೆಯ ಕೆಲಸವನ್ನು ಗೌರವಿಸುತ್ತಲೇ ಅವರ ತಪ್ಪು ವಿಚಾರವನ್ನು ತಪ್ಪೆಂದು ಹೇಳುವುದನ್ನು ನಮ್ಮ ವಿದ್ಯಾವಂತರು ರೂಢಿಸಿಕೊಳ್ಳಬೇಕು.

ಸ್ಕಾಟ್ಲೆಂಡಿನ ಹೊಲದಲ್ಲಿ ಪ್ರಯೋಗ

ಎಲಿಯಟ್‌ರವರ ಬದುಕಿನ ಎರಡನೆಯ ಭಾಗ ನಡೆದದ್ದು ಅವರ ಊರಾದ ಕ್ಲಿಫ್ಟನ್ ಪಾರ್ಕಿನಲ್ಲಿ. 1870ರ ದಶಕದಿಂದ ಬ್ರಿಟನ್ನಿನ ರೈತರಿಗೆ ಕೆಟ್ಟ ಕಾಲ ಬಂತು. ಅಮೆರಿಕದ ವಿಶಾಲ ಬಯಲುಗಳಲ್ಲಿ ಬೆಳೆದ ಗೋಧಿ ರೈಲು ಮತ್ತು ಹಡಗುಗಳ ಮೂಲಕ ಅಗ್ಗದ ಬೆಲೆಗೆ ಬಂದು ಬೀಳತೊಡಗಿತು. ಅಲ್ಲಿನ ರೈತರು ಬೆಳೆದ ಧಾನ್ಯಕ್ಕೆ ಬೆಲೆ ಸಿಗಲಿಲ್ಲ. ಕೊಂಡು ತಂದು ಹಾಕುವ ಗೊಬ್ಬರದ ಖರ್ಚು ಮಾತ್ರ ಕಡಿಮೆಯಾಗಲಿಲ್ಲ. ವರ್ಷ ವರ್ಷವೂ ಉತ್ತು ಬಿತ್ತಿ ಮಣ್ಣು ಸಡಿಲವಾಗಿ ಸಾರ ಕಳೆದುಕೊಂಡಿತ್ತು. ಗೇಣಿದಾರರು ಜಮೀನು ಬಿಟ್ಟು ಹೋಗುತ್ತಿದ್ದರು.

ಇಂಥ ಹೊತ್ತಿನಲ್ಲಿ ಎಲಿಯಟ್‌ರವರು ಬೋಮಾಂಟ್ ಹೊಳೆಯ ದಂಡೆಯ ತಮ್ಮ ಗುಡ್ಡದ ಜಮೀನನ್ನು ಸ್ವತಃ ಸಾಗುವಳಿ ಮಾಡಿ ಪ್ರಯೋಗಕ್ಕಿಳಿದರು. ಅವರ ವಿಧಾನ ಹೀಗಿತ್ತು. ಹೊಲದಲ್ಲಿ ಹಲವು ಬಗೆಯ ಹುಲ್ಲು ಮತ್ತು ಸೊಪ್ಪಿನ ಗಿಡಗಳ ಬೀಜವನ್ನು ಬೆರೆಸಿ ಬಿತ್ತುವುದು. ಅವುಗಳಲ್ಲಿ ಆಳಕ್ಕೆ ಬೇರು ಬಿಡುವ ಗಿಡಗಳು ಮುಖ್ಯವಾಗಿ ಇರಬೇಕು. ಚಿಕೋರಿ ಅವುಗಳಲ್ಲಿ ಒಂದು. ನಾವು ಕಾಫಿ ಪುಡಿಗೆ ಬೆರೆಸುವ ಅದೇ ಚಿಕೋರಿ. ಅದರ ಬೇರು ಗಟ್ಟಿ ಮಣ್ಣಿನ ಪದರವನ್ನು ಸೀಳಿಕೊಂಡು ಕೆಳಗಿಳಿಯುತ್ತದೆ. ನೇಗಿಲು ಮುಟ್ಟಲಾಗದ ಆಳವನ್ನು ಬೇರು ಮುಟ್ಟುತ್ತದೆ. ನೀರು ಗಾಳಿ ಒಳಗೆ ಹೋಗಲು ದಾರಿಯಾಗುತ್ತದೆ, ಬರಗಾಲದಲ್ಲಿಯೂ ಹುಲ್ಲು ಹಸಿರಾಗಿರುತ್ತದೆ. ಕೆಲವು ವರ್ಷ ಅಲ್ಲಿ ಕುರಿ ದನಗಳನ್ನು ಮೇಯಿಸಿ, ಅವುಗಳ ಗೊಬ್ಬರವೂ ಬಿದ್ದ ಮೇಲೆ ಆ ಹುಲ್ಲಿನ ಹಾಸನ್ನು ಉತ್ತು ಮಣ್ಣಿಗೆ ಸೇರಿಸಿ ಓಟ್ಸ್, ಟರ್ನಿಪ್ ಮುಂತಾದ ಬೆಳೆ ತೆಗೆಯುವುದು. ಬಳಿಕ ಮತ್ತೆ ಹುಲ್ಲು. ಕೊಂಡು ತರುವ ಗೊಬ್ಬರಕ್ಕಿಂತ ಹೊಲದಲ್ಲಿಯೇ ಬೆಳೆದ ಹುಲ್ಲಿನ ಹಾಸು ಅಗ್ಗ ಮತ್ತು ಉತ್ತಮ ಎಂಬುದು ಅವರ ತೀರ್ಮಾನ.

ಮಂಜರಾಬಾದಿನ ತೋಟಕ್ಕೂ ಸ್ಕಾಟ್ಲೆಂಡಿನ ಹುಲ್ಲುಗಾವಲಿಗೂ ಹೊರನೋಟಕ್ಕೆ ಸಂಬಂಧವೇ ಇಲ್ಲ. ಒಂದು ಕಡೆ ಬಿರುಮಳೆ ಮತ್ತು ಬಿಸಿಲು, ಇನ್ನೊಂದು ಕಡೆ ಹಿಮ ಮತ್ತು ಚಳಿ. ಆದರೆ ಎರಡೂ ಕಡೆ ಹಿಂದಿರುವ ವಿಚಾರ ಒಂದೇ. ಬಿದ್ದ ಎಲೆ, ಸತ್ತ ಬೇರು, ಸಗಣಿ ಇವು ಮಣ್ಣಿಗೆ ಮರಳಬೇಕು. ಮಣ್ಣಿನಿಂದ ತೆಗೆದುಕೊಳ್ಳುತ್ತಲೇ ಇದ್ದು ಏನನ್ನೂ ಹಿಂದಿರುಗಿಸದಿದ್ದರೆ ಇಂದಲ್ಲ ನಾಳೆ ನಷ್ಟ ತಪ್ಪಿದ್ದಲ್ಲ.

ಈ ಪ್ರಯೋಗಗಳ ಪುಸ್ತಕ 1898ರಲ್ಲಿ ಮೊದಲು ಪ್ರಕಟವಾಯಿತು. ಮುಂದಿನ ಮುದ್ರಣಗಳಲ್ಲಿ ಅದಕ್ಕೆ 'ದಿ ಕ್ಲಿಫ್ಟನ್ ಪಾರ್ಕ್ ಸಿಸ್ಟಮ್ ಆಫ್ ಫಾರ್ಮಿಂಗ್' ಎಂಬ ಹೆಸರು ಬಂತು. 1914ರಲ್ಲಿ ಎಲಿಯಟ್‌ರವರು ನಿಧನರಾದರು. ಅದೇ ವರ್ಷ ಮೊದಲ ಮಹಾಯುದ್ಧ ಶುರುವಾಯಿತು.

ಮರಣಾನಂತರದ ಮನ್ನಣೆ

ಕೆಲವರ ಕೆಲಸದ ಬೆಲೆ ಅವರು ಹೋದ ಮೇಲೆ ತಿಳಿಯುತ್ತದೆ. ಸಾವಯವ ಕೃಷಿಯ ಪ್ರವರ್ತಕರೆಂದು ಜಗತ್ತೇ ಗೌರವಿಸುವ ಸರ್ ಆಲ್ಬರ್ಟ್ ಹೊವಾರ್ಡ್ ಅವರು 1940ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಕ್ಲಿಫ್ಟನ್ ಪಾರ್ಕಿನ ಪದ್ಧತಿಯನ್ನು ಮೆಚ್ಚಿಕೊಂಡರು. ಹೊವಾರ್ಡ್‌ರವರೂ ಭಾರತದಲ್ಲಿಯೇ ಪಾಠ ಕಲಿತವರು. ಬಿಹಾರದ ಪೂಸಾದಲ್ಲಿಯೂ ಆಮೇಲೆ ಇಂದೋರಿನಲ್ಲಿಯೂ ಇದ್ದು, ಇಲ್ಲಿನ ರೈತರನ್ನೇ ತಮ್ಮ ಗುರುಗಳೆಂದು ಭಾವಿಸಿದವರು. ಅವರು ರೂಪಿಸಿದ ಕಾಂಪೋಸ್ಟ್ ಗೊಬ್ಬರದ ವಿಧಾನಕ್ಕೆ ಇಂದೋರಿನ ಹೆಸರೇ ಇದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿಗೆ ಹೊರಗಿನಿಂದ ಧಾನ್ಯ ತರುವುದು ಕಷ್ಟವಾದಾಗ ಎಲಿಯಟ್‌ರವರ ಪುಸ್ತಕಕ್ಕೆ ಮತ್ತೆ ಬೇಡಿಕೆ ಬಂತು. 1943ರಲ್ಲಿ ಹುಲ್ಲುಗಾವಲುಗಳ ಪ್ರಸಿದ್ಧ ವಿಜ್ಞಾನಿ ಸರ್ ಜಾರ್ಜ್ ಸ್ಟೇಪಲ್ಡನ್ ಅವರ ಪ್ರಸ್ತಾವನೆಯೊಂದಿಗೆ ಅದು ಮರುಮುದ್ರಣವಾಯಿತು. ಹಲವು ಬಗೆಯ ಗಿಡಗಳನ್ನು ಬೆರೆಸಿ ಬೆಳೆಯುವ ಹುಲ್ಲುಗಾವಲುಗಳ ಬಗ್ಗೆ ಇಂದು ಮಾತನಾಡುವವರೂ ಎಲಿಯಟ್‌ರವರನ್ನು ನೆನೆಯುತ್ತಾರೆ.

ನಮ್ಮ ಕಡೆಯೂ ಕೆಲಸ ನಿಲ್ಲಲಿಲ್ಲ. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ಆರಂಭಿಸಿತು. ರೋಗವನ್ನು ತಡೆಯಬಲ್ಲ ಹೊಸ ತಳಿಗಳು ಬಂದವು. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಇಂದು ಕರ್ನಾಟಕದ್ದೇ. ನಮ್ಮ ತೋಟಗಳು ಈಗಲೂ ಮರದ ನೆರಳಿನಲ್ಲಿವೆ. ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ, ಕೊಂಬೆಗಳಲ್ಲಿ ಹಕ್ಕಿಗಳಿವೆ. ಆದರೆ ಕಾಂಡಕೊರಕ ಹುಳು ಇನ್ನೂ ಹೋಗಿಲ್ಲ. ಅರೇಬಿಕಾ ಬೆಳೆಗಾರರಿಗೆ ಅದು ಇಂದಿಗೂ ದೊಡ್ಡ ತಲೆನೋವು. ಹೆಚ್ಚು ಫಸಲಿನ ಆಸೆಯಿಂದ ನೆರಳನ್ನು ತೀರಾ ಕಡಿಮೆ ಮಾಡುವುದು, ಹಳೆಯ ಕಾಡುಮರಗಳನ್ನು ತೆಗೆದು ಬೇಗ ಬೆಳೆಯುವ ಸಿಲ್ವರ್ ಓಕ್ಒಂದನ್ನೇ ಹಾಕುವುದು ಹಲವೆಡೆ ನಡೆದಿದೆ. 1860ರ ದಶಕದ ಪಾಠವನ್ನು ಮತ್ತೆ ಓದಬೇಕಾದ ಕಾಲ ಬಂದಿದೆ.

ನಾವು ಕಲಿಯಬೇಕಾದದ್ದು

ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇಂಜಿನಿಯರಿಂಗ್, ವಾಣಿಜ್ಯ, ಕಂಪ್ಯೂಟರ್ ಎಂದು ಓದುತ್ತಿದ್ದಾರೆ. ಬಹಳ ಸಂತೋಷ. ಆದರೆ ಚಿಕ್ಕಲಸಂದ್ರವೂ ಒಂದು ಕಾಲಕ್ಕೆ ಹೊಲ ಗದ್ದೆಗಳ ಹಳ್ಳಿಯಾಗಿತ್ತು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಊರಿನಲ್ಲಿ ಇನ್ನೂ ಒಂದೆರಡು ಎಕರೆ ಜಮೀನಿದೆ. ಕೃಷಿ ವಿಜ್ಞಾನ, ಅರಣ್ಯಶಾಸ್ತ್ರ, ಕೀಟಶಾಸ್ತ್ರ ಓದುವವರು ನಮ್ಮ ಸಮಾಜದಲ್ಲಿ ಬಹಳ ಕಡಿಮೆ. ಬೆಂಗಳೂರಿನ ಹೆಬ್ಬಾಳದಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯವಿದೆ. ಆ ಕಡೆಗೂ ಕೆಲವರು ಮನಸ್ಸು ಮಾಡಬೇಕು.

ಹದಿನೆಂಟರ ಹುಡುಗ ಎಲಿಯಟ್ ಮಲೆನಾಡಿಗೆ ಬಂದಾಗ ಕಾಫಿಯ ಬಗ್ಗೆ ಅವರಿಗೆ ಹೇಳಿಕೊಡಲು ಕಾಲೇಜು ಇರಲಿಲ್ಲ, ಸಂಶೋಧನಾ ಕೇಂದ್ರವೂ ಇರಲಿಲ್ಲ. ನೋಡುವುದು, ಹಳಬರನ್ನು ಕೇಳುವುದು, ನಷ್ಟವಾದಾಗ ಕಾರಣ ಹುಡುಕುವುದು, ಕಂಡುಕೊಂಡದ್ದನ್ನು ಬರೆದಿಡುವುದು ಇಷ್ಟೇ ಅವರ ಬಂಡವಾಳ. ವಯಸ್ಸಾದ ಮೇಲೂ ಕಲಿಯುವುದನ್ನು ಬಿಡಲಿಲ್ಲ. ತಮ್ಮ ಹೆಸರು ಉಳಿಸಿದ ಪ್ರಯೋಗವನ್ನು ಪ್ರಕಟಿಸಿದಾಗ ಅವರಿಗೆ ಅರವತ್ತು ದಾಟಿತ್ತು.

ಬಾಬಾಬುಡನ್ ಅವರು ತಂದ ಬೀಜವನ್ನು ಮಲೆನಾಡಿನ ರೈತರು ಮರದ ನೆರಳಿನಲ್ಲಿ ಬೆಳೆಸಿದರು. ಆ ನೆರಳಿನ ಬೆಲೆಯನ್ನು ಎಲಿಯಟ್‌ರಂಥವರು ಜಗತ್ತಿಗೆ ತಿಳಿಯುವಂತೆ ಬರೆದರು. ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ ಜ್ಞಾನವನ್ನು ಹಾಳುಮಾಡದೆ ಮುಂದಿನ ತಲೆಮಾರಿಗೆ ದಾಟಿಸುವುದು ಈಗ ಓದುತ್ತಿರುವ ನಮ್ಮ ಮಕ್ಕಳ ಜವಾಬ್ದಾರಿ.